ಬೆಂಕಿಚೆಂಡು ಎಲೆ ಮರೆತು ಬಂದದ್ದು

“ಗಡ್ಡೆ ಅಗೆದು ನೋಡಬೇಡ ಕಣಯ್ಯ. ಬರೋದು ತಾನೇ ಬರುತ್ತೆ.”

ಕೇತಯ್ಯನ ಹೆಂಡತಿ ರಂಗವ್ವ ಕೊನೆಗೆ ಆಡಿದ ಮಾತು ಅದು. ಆಮೇಲೆ ಆಡಲಿಲ್ಲ.

ಲೋಕ ಆಗಿನ್ನೂ ಹೊಸತು. ಮಣ್ಣಿನ ಹಸಿ ಆರಿರಲಿಲ್ಲ. ಬೆಟ್ಟಗಳು ಕೂರುವ ಜಾಗ ಸರಿಮಾಡಿಕೊಳ್ಳುತ್ತಿದ್ದವು. ಗಾಳಿಗೆ ಬಾಯಿತ್ತು, ಮಣ್ಣಿಗೆ ಬಾಯಿತ್ತು, ಗಿಡಕ್ಕೂ ಬಾಯಿತ್ತು. ಮನುಷ್ಯರೇ ಕಡಿಮೆ ಮಾತಾಡುತ್ತಿದ್ದರು. ಕೇತಯ್ಯ ಇನ್ನೂ ಕಡಿಮೆ.

ಅವನ ಮನೆ ಚಳಿಬೆಟ್ಟದ ಮೇಲೆ. ರಂಗವ್ವನ ತವರು ಕೆಳಗೆ, ದೂರದ ಬಿಸಿಲುಸೀಮೆ. ಅಲ್ಲಿ ಸೂರ್ಯ ಅಂಗಳಕ್ಕೇ ಇಳಿದು ಜಗಲಿ ಮೇಲೆ ಕೂರುತ್ತಿದ್ದನಂತೆ.

ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿ ತುಂಬಿದಳು. ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕೊಬ್ಬರಿ ಹಾಕಿದಳು. ಕಡೆಗೆ ಒಂದು ಬೆಂಕಿಚೆಂಡು ಹೂವಿನ ಗಡ್ಡೆ ಇಟ್ಟು ಸೆರಗಿನ ಗಂಟು ಬಿಗಿದಳು.

ಚಳಿಬೆಟ್ಟದ ಮನೆಯಲ್ಲಿ ಅತ್ತೆ ಗಂಟು ಬಿಚ್ಚಿದಳು. ಗಡ್ಡೆ ಕಂಡಿತು. “ಪರವಾಗಿಲ್ಲ, ಬೀಗಿತ್ತಿ ಈರುಳ್ಳೀನೂ ಇಟ್ಟವ್ಳೆ. ಒಂದೇ ಒಂದು!” ಅಂದವಳೇ ಅದನ್ನು ತಗೊಂಡು ಸಾರಿಗೆ ಹೆಚ್ಚಲು ಕೂತಳು.

ಹೊಸ ಸೊಸೆ ಹಾರಿ ಬಂದು ಕಿತ್ತುಕೊಂಡಳು. “ನನ್ನ ತವರನ್ನ ಸಾರಿಗೆ ಹಾಕ್ತೀಯ ಅತ್ತೆ?”

ಗಡ್ಡೆಯೂ ಕೂಗಿತು. “ಅಮ್ಮಾ, ನನ್ನ ಹೆಚ್ಚಿಬಿಡ್ತಿದ್ಳು!”

ಅವತ್ತಿನಿಂದ ಗಡ್ಡೆ ರಂಗವ್ವನನ್ನು ಅಮ್ಮ ಅಂತಲೇ ಕರೆಯಿತು. ಆ ಮನೆಗೆ ಬೇರೆ ಮಕ್ಕಳು ಬರಲಿಲ್ಲ.

ರಂಗವ್ವ ಅದನ್ನು ಬಚ್ಚಲ ಹಿಂದೆ ನೆಟ್ಟಳು. ಬಚ್ಚಲಲ್ಲಿ ಹಂಡೆ ಒಲೆ. ಗೋಡೆ ಸದಾ ಬೆಚ್ಚಗೆ. ಚಳಿ ಬಂದರೆ ಒಲೆಯ ಬೂದಿ ತಂದು ಬುಡಕ್ಕೆ ಹೊದಿಸುವಳು. ಮೇಲೆ ಒಡಕು ಮಡಕೆ ಬೋರಲು ಹಾಕುವಳು. ಹೀಗಾಗಿ ಬೆಟ್ಟದ ಮೇಲೂ ಗಡ್ಡೆ ತವರಲ್ಲಿದ್ದ ಹಾಗೇ ಇತ್ತು. ಆಗ ಅದಕ್ಕೆ ವರ್ಷವೆಲ್ಲಾ ಎಲೆ, ಎಲೆಯ ನಡುವೆ ವರ್ಷವೆಲ್ಲಾ ಹೂ. ಕೆಂಪು ಹೂ, ಆದರೆ ಚಪ್ಪಟೆ. ಒಂದೇ ಕಡೆ ಮುಖ. ಯಾವ ಕಡೆ? ಅಡುಗೆಮನೆ ಬಾಗಿಲ ಕಡೆ. ಅಮ್ಮ ಬರೋದು ಅಲ್ಲಿಂದಲೇ ತಾನೆ.

ಕೇತಯ್ಯನಿಗೆ ಒಂದು ಚಾಳಿ. ಏನು ಬಿತ್ತಿದರೂ ಕೆದಕಿ ನೋಡಬೇಕು. ಅವರೆ ಬಿತ್ತಿದರೆ ಸಂಜೆಗೆ ಕೆದಕುವನು, ಮೊಳಕೆ ಬಂತಾ ಅಂತ. ಗೆಣಸು ನೆಟ್ಟರೆ ಬಳ್ಳಿ ಎತ್ತಿ ನೋಡುವನು.

“ಮೊಟ್ಟೆ ಒಡೆದು ಮರಿ ಎಣಿಸೋ ಗಂಡಸು ನೀನು” ಅನ್ನುವಳು ರಂಗವ್ವ. ಅನ್ನುವಳು, ನಗುವಳು. ಬೆಂಕಿಚೆಂಡಿನ ಬುಡಕ್ಕೆ ಮಾತ್ರ ಅವನ ಗುದ್ದಲಿ ಬರಗೊಡಲಿಲ್ಲ.

ವರ್ಷಗಳು ಹೋದವು. ಇಬ್ಬರಿಗೂ ತಲೆ ನರೆಯಿತು. ಒಂದು ಮಾಗಿಯಲ್ಲಿ ರಂಗವ್ವ ಮಲಗಿದಳು. ಕೇತಯ್ಯ ಪಕ್ಕದಲ್ಲಿ ಕೂತ. ಏನಾದರೂ ಆಡಬೇಕು. ಏನು ಆಡೋದು?

“ಬಚ್ಚಲ ಹಿಂದೆ ನಿನ್ನ ಗಡ್ಡೆ ಎಲೆ ಹಳದಿಯಾಗ್ತಿದೆ” ಅಂದ. “ಬದುಕುತ್ತೋ ಇಲ್ವೋ.”

ಆಗ ಅವಳು ಆ ಮಾತು ಅಂದಳು. ಅವನ ಕೈ ಹಿಡಿದುಕೊಂಡು ಅಂದಳು. ಗುದ್ದಲಿ ಹಿಡಿಯೋ ಕೈ.

ಅವಳನ್ನು ಹಿತ್ತಲಲ್ಲೇ ಮಣ್ಣು ಮಾಡಿದರು.

ಕೇತಯ್ಯ ಹಂಡೆ ಒಲೆ ಹಚ್ಚಲಿಲ್ಲ. ಒಬ್ಬನಿಗೆ ಯಾಕೆ ಬಿಸಿನೀರು? ಹಳ್ಳದ ತಣ್ಣೀರು ಸುರಿದುಕೊಂಡ. ಗೋಡೆ ತಣ್ಣಗಾಯಿತು. ಬೂದಿ ಇಲ್ಲ.

ಗಡ್ಡೆ ಕೇಳಿತು. “ಅಪ್ಪಾ, ಚಳಿ. ಅಮ್ಮ ಎಲ್ಲಿ?”

ಕೇತಯ್ಯ ಅಂದ. “ತವರಿಗೆ ಹೋಗಿದಾಳೆ.”

“ನನ್ನ ಬಿಟ್ಟು ಹೋದ್ಳಾ! ಯಾವಾಗ ಬರ್ತಾಳೆ?”

ಅವನು ಆಕಾಶ ನೋಡಿದ. “ಮೊದಲ ಮಳೆಗೆ.”

ಅಷ್ಟರಲ್ಲಿ ಚಳಿಗಾಳಿ ಬೇಲಿ ಹಾರಿ ಬಂತು. ಎಷ್ಟೋ ವರ್ಷದಿಂದ ಅದಕ್ಕೆ ಈ ಗಡ್ಡೆಯ ಮೇಲೆ ಕಣ್ಣು. “ಬಿಸಿಲುಸೀಮೆ ಹುಡುಗಿ! ಈಗ ಯಾರು ಹೊದಿಸ್ತಾರೆ ನಿಂಗೆ?” ಅಂತ ಎಲೆಗೆ ಬಾಯಿ ಹಾಕಿತು.

ಮಣ್ಣು ಮೆಲ್ಲಗೆ ಅಂದಿತು. “ಮಗಾ, ಎಲೆ ಅದಕ್ಕೆ ಬಿಟ್ಟುಕೊಡು. ನೀನು ಒಳಗೆ ಬಾ. ನಾನಿದೀನಿ.”

ಗಡ್ಡೆ ಎಲೆ ಬಿಟ್ಟುಕೊಟ್ಟಿತು. ಹೂ ಬಿಟ್ಟುಕೊಟ್ಟಿತು. ಒಳಗೆ ಇಳಿದು ಮುದುಡಿ ಮಲಗಿತು. ಬಚ್ಚಲ ಹಿಂದೆ ಬರೀ ನೆಲ ಉಳಿಯಿತು.

ಕೇತಯ್ಯ ಬರೀ ನೆಲ ನೋಡಿದ. ಅವಳದು ಅಂತ ಉಳಿದಿದ್ದು ಅದೊಂದೇ. ಅದೂ ಹೋಯಿತಾ?

ನೀರು ತಂದು ಸುರಿದ. ಮತ್ತೆ ತಂದ, ಮತ್ತೆ ಸುರಿದ.

ಎರೆಹುಳ ತಲೆ ಎತ್ತಿತು. “ಅಜ್ಜೋ, ಮಲಗಿರೋರ ಮುಖಕ್ಕೆ ಯಾರಾದ್ರೂ ಕೊಡ ಕೊಡ ನೀರು ಸುರೀತಾರಾ? ಅದು ಕೊಳೀತದೆ, ನಾನು ಮುಳುಗ್ತೀನಿ. ಸುಮ್ಮನಿರು.”

“ಮಲಗಿದೆ ಅಂತೀಯ? ಜೀವ ಇದೆಯಾ?”

“ನಾನು ಕುರುಡ. ನನ್ನ ಕೇಳ್ತೀಯಲ್ಲ!” ಅಂದು ಎರೆಹುಳ ಒಳಗೆ ಜಾರಿತು.

ನೀರು ನಿಲ್ಲಿಸಿದ. ಆದರೆ ಕೈ ಸುಮ್ಮನಿರಬೇಕಲ್ಲ.

ಚಳಿಗಾಳಿ ಕಿವಿ ಹತ್ತಿರ ಬಂತು. “ಸತ್ತಿದೆ ಬಿಡೋ ಮುದುಕ. ನಂಬಿಕೆ ಇಲ್ವಾ? ಅಗೆದು ನೋಡು. ಒಂದೇ ಒಂದು ಏಟು.”

ಅದಕ್ಕೆ ಬೇಕಾಗಿದ್ದು ಅಷ್ಟೇ. ನೆಲ ತೆರೆದರೆ ಅದು ಒಳಗೆ ನುಗ್ಗುವುದು. ನುಗ್ಗಿದರೆ ಗಡ್ಡೆ ಉಳಿಯದು.

ಕೇತಯ್ಯ ಗುದ್ದಲಿ ತಂದ. ಎತ್ತಿದ. ಮಣ್ಣು ಉಸಿರು ಬಿಗಿಹಿಡಿಯಿತು.

ಎತ್ತಿದ ಗುದ್ದಲಿ ಹಾಗೇ ನಿಂತಿತು. ಅವಳು ಹಿಡಿದ ಜಾಗ ಕೈಯಲ್ಲಿ ಇನ್ನೂ ಬೆಚ್ಚಗಿತ್ತು.

“ಅಗೆಯಲ್ಲ” ಅಂದ. “ಬರೋದು ತಾನೇ ಬರುತ್ತೆ.”

“ಬರದಿದ್ರೆ?” ಅಂತು ಗಾಳಿ.

ಕೇತಯ್ಯ ಎತ್ತಿದ ಕೈ ಇಳಿಸಿದ. ಗುದ್ದಲಿಯನ್ನು ಸೂರಿಗೆ ಸಿಕ್ಕಿಸಿದ. ಬರೀ ನೆಲದ ಪಕ್ಕ ಕೂತ. ಮಾರನೆಯ ದಿನವೂ ಬಂದು ಕೂತ. ಅದರ ಮಾರನೆಯ ದಿನವೂ. ಗಾಳಿ ಬೈದು ಬೈದು ಸಾಕಾಗಿ ಬೆಟ್ಟ ಇಳಿದು ಹೋಯಿತು.

ಬಿಸಿಲು ಬಂತು. ಹುಲ್ಲು ಒಣಗಿತು. ನೆಲ ಬರಿದಾಗೇ ಇತ್ತು. ಕೇತಯ್ಯ ಕೂತೇ ಇದ್ದ.

ಒಂದು ಮಧ್ಯಾಹ್ನ ಮೊದಲ ಗುಡುಗು ಗುಡುಗಿತು. ನಾಕು ದಪ್ಪ ಹನಿ ಬಿದ್ದವು.

ಮಣ್ಣೊಳಗೆ ಗಡ್ಡೆ ದಡಕ್ಕನೆ ಎದ್ದಿತು. “ಮೊದಲ ಮಳೆ! ಅಮ್ಮ ಬಂದ್ಳು!”

“ತಡಿ ಮಗಾ, ಎಲೆ ಉಟ್ಟುಕೊಂಡು ಹೋಗು” ಅಂದಿತು ಮಣ್ಣು.

“ಪುರುಸೊತ್ತಿಲ್ಲ!” ಗಡ್ಡೆ ಎಲೆ ಮರೆತು ಹೂವೊಂದನ್ನೇ ಎತ್ತಿಕೊಂಡು ಮೇಲಕ್ಕೆ ಓಡಿತು. ನೆಲ ಬಿರಿದು ಹೊರಗೆ ಬಂತು. ಅಡುಗೆಮನೆ ಬಾಗಿಲು ನೋಡಿತು. ಅಲ್ಲಿ ಅಮ್ಮ ಇಲ್ಲ. ಬಚ್ಚಲ ಕಡೆ ನೋಡಿತು. ಇಲ್ಲ. ಹಳ್ಳದ ದಾರಿ, ಬೇಲಿ, ಬೆಟ್ಟ, ಆಕಾಶ, ನೋಡದ ಕಡೆ ಇಲ್ಲ. ನೋಡಿದ ಕಡೆಗೆಲ್ಲಾ ಒಂದೊಂದು ಕೆಂಪು ಎಸಳು ಚಾಚಿತು. ಹಾಗೆ ಚಾಚಿ ಚಾಚಿ ಚಪ್ಪಟೆ ಹೂ ದುಂಡಗಾಯಿತು.

“ಅಪ್ಪಾ, ಎಲ್ಲಿ?”

ಈ ಸಲ ಕೇತಯ್ಯನಿಗೆ ಸುಳ್ಳು ಬರಲಿಲ್ಲ. “ತವರಿಗೆ ಹೋಗಿಲ್ಲ ಮಗಾ. ಮಣ್ಣಿಗೆ ಹೋದ್ಳು. ಇಲ್ಲೇ, ಹಿತ್ತಲಲ್ಲೇ ಇದಾಳೆ. ನೀನು ಮಲಗಿದ್ಯಲ್ಲ, ಅಲ್ಲೇ ಮಗ್ಗುಲಲ್ಲಿ.”

ಹೂ ಬಗ್ಗಿ ತನ್ನ ಬುಡದ ಮಣ್ಣು ನೋಡಿತು. ಆಮೇಲೆ ಅಂದಿತು.

“ಅದಕ್ಕೇ ಇರಬೇಕು. ಚಳೀಲಿ ನಂಗೆ ಹೊದಿಕೆ ಜಾರಿದಾಗೆಲ್ಲ ಯಾರೋ ಎಳೆದು ಹೊದಿಸೋರು.”

ಕೇತಯ್ಯ ತಲೆ ತಗ್ಗಿಸಿದ. ಭುಜ ಅಲುಗಿತು. ಹೂ ಅವನನ್ನೇ ನೋಡಿತು. ಎಲ್ಲಾ ಕಡೆ ಕಣ್ಣಿತ್ತಲ್ಲ, ಅವನ ಕಡೆಯೂ ಇತ್ತು.

“ಅಳಬೇಡ ಅಪ್ಪಾ. ಚಳಿಗೆ ಅಮ್ಮನ ಹತ್ರ ಹೋಗ್ತೀನಿ. ಮಳೆಗೆ ನಿನ್ನ ಹತ್ರ ಬರ್ತೀನಿ. ಅಲ್ಲೀ ಸುದ್ದಿ ಇಲ್ಲಿಗೆ ತರ್ತೀನಿ.”

“ಅವಳು ಏನಾದ್ರೂ ಅಂದ್ಳಾ?”

“ಅಂದ್ಳು. ಗುದ್ದಲಿ ಎಲ್ಲಿಟ್ಟಿದಾನೆ ನೋಡು ಅಂದ್ಳು.”

ಕೇತಯ್ಯ ನಕ್ಕ. ಅವಳು ಹೋದಮೇಲೆ ಮೊದಲ ಸಲ.

ಎಲೆಗಳು ಆಮೇಲೆ ನಿಧಾನವಾಗಿ ಬಂದವು, ತಡವಾಗಿ ಬಂದ ನೆಂಟರ ಹಾಗೆ.

ಈಗಲೂ ಅಷ್ಟೇ. ಚಳಿ ಬಂದರೆ ನಿಮ್ಮ ಕುಂಡದಲ್ಲಿ ಬೆಂಕಿಚೆಂಡು ಕಾಣೆಯಾಗುತ್ತದೆ. ಸತ್ತಿತು ಅಂತ ಅಗೆಯಬೇಡಿ, ನೀರು ಸುರಿಯಬೇಡಿ. ಮೊದಲ ಗುಡುಗಿಗೆ ಅದು ಎಲೆ ಮರೆತು, ಬರೀ ಹೂ ಹೊತ್ತು ಓಡಿ ಬಂದು, ಎಲ್ಲಾ ದಿಕ್ಕಿಗೂ ನೋಡುತ್ತಾ ನಿಲ್ಲುವುದನ್ನು ನೀವೇ ನೋಡುತ್ತೀರಿ.

ಕೇತಯ್ಯ ಹೂ ಬಂದ ಮಾರನೆಯ ಬೆಳಿಗ್ಗೆ ಎದ್ದು ಹಂಡೆ ತೊಳೆದ. ನೀರು ತುಂಬಿದ. ಒಲೆ ಹಚ್ಚಿದ. ಬಿಸಿನೀರಲ್ಲಿ ಮೈ ತೊಳೆದುಕೊಂಡ. ಬೂದಿ ಆರಲಿ ಅಂತ ಕಾದ. ಆಮೇಲೆ ಬೊಗಸೆಯಲ್ಲಿ ತಂದು, ಅವಳ ಹಾಗೇ ಕೂತು, ಬುಡಕ್ಕೆ ಹೊದಿಸಿದ.