ಚೌಕದ ಮೇಲಿನ ಅಕ್ಕತಂಗಿಯರು

ಇದನ್ನು ನನಗೆ ಮೊದಲು ಹೇಳಿದವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಫ್ಲೋರಿನ್ ಟೀಚರ್.

ಕಪ್ಪು ಬಿಳಿ ಚೌಕಗಳ ನೆಲದ ಮೇಲೆ ಒಂದೇ ಬೂದು ಬಣ್ಣದ ಇಬ್ಬರು ಪತಂಗ ಸೋದರಿಯರು ಉಸಿರು ಬಿಗಿಹಿಡಿದು ಕೂತಿದ್ದರು. ಅಕ್ಕ ಬಿಳಿ ಚೌಕದಲ್ಲಿ, ತಂಗಿ ಕಪ್ಪು ಚೌಕದಲ್ಲಿ. ಎದುರು ಗೋಡೆಯ ಮೇಲೆ ಹಲ್ಲಿಯಿತ್ತು.

"ಅಕ್ಕಾ, ನೀನು ಇದ್ದಿಲಿನ ಹಾಗೆ ಕಪ್ಪಗೆ ಎದ್ದು ಕಾಣ್ತಿದ್ದೀಯ," ಎಂದು ತಂಗಿ ನಡುಗಿದಳು. "ಹಲ್ಲಿ ನೋಡಿಬಿಡುತ್ತೆ. ಕಪ್ಪು ಚೌಕಕ್ಕೆ ಬಾ."

"ನನ್ನನ್ನು ಆಮೇಲೆ ಆಡಿಕೊಳ್ಳುವೆಯಂತೆ. ನೀನೇ ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದೀಯ. ಮೊದಲು ಬಿಳಿ ಚೌಕಕ್ಕೆ ಹೋಗು!"

ಇಬ್ಬರೂ ಹೆದರಿ, ತೆವಳುತ್ತ ಜಾಗ ಬದಲಿಸಿದರು. ತಿರುಗಿ ನೋಡಿದರೆ ಈಗ ಅಕ್ಕ ಬೆಳ್ಳಗೆ, ತಂಗಿ ಕಪ್ಪಗೆ!

"ಅಯ್ಯೋ, ನಿನಗೇನಾಯಿತೇ?" ಎಂದು ಅಕ್ಕ ಚೀರಿದಳು.

"ನಿನಗೇನಾಯಿತು ಅಂತ ನಾನು ಕೇಳಬೇಕು!"

ಹೆದರಿಕೆ ಇಮ್ಮಡಿಯಾಗಿ, ಮತ್ತೆ ಜಾಗ ಬದಲಿಸಲು ಇಬ್ಬರೂ ಒಟ್ಟಿಗೆ ಹಾರಿದರು. ಹಲ್ಲಿ ಸರ್ರನೆ ಇಳಿದು ಅಕ್ಕನನ್ನು ನುಂಗಿತು.

ತಂಗಿ ಗೋಡೆಯ ಬಿರುಕಿಗೆ ನುಗ್ಗಿ, ಅಳುತ್ತಲೇ ಕೇಳಿದಳು, "ನಿನಗೆ ಅವಳು ಕಂಡದ್ದು ಕಪ್ಪಗೋ, ಬೆಳ್ಳಗೋ?"

"ಬಣ್ಣ ನೋಡುತ್ತ ಕೂತವರು ನೀವು," ಎಂದಿತು ಹಲ್ಲಿ. "ನಾನು ಕಂಡದ್ದು ಅವಳು ರೆಕ್ಕೆ ಬಡಿದದ್ದನ್ನು."

ಹಲ್ಲಿ ಹೋದ ಮೇಲೆ, ನೆಲದ ಮೇಲೆ ಅಕ್ಕನ ಒಂದು ರೆಕ್ಕೆ ಬಿದ್ದಿತ್ತು. ತಂಗಿ ತನ್ನ ರೆಕ್ಕೆಯನ್ನು ಅದರ ಪಕ್ಕಕ್ಕೆ ಒತ್ತಿ ನೋಡಿದಳು. ಎರಡೂ ಒಂದೇ ಬೂದು.

ನೀವೂ ಇದನ್ನು ಯಾರಿಗಾದರೂ ಹೇಳಿ. ಇಬ್ಬರು ಹೆಣ್ಣುಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ ಬಣ್ಣ ಹೋಲಿಸುವ ಅತ್ತೆಯೊಬ್ಬರು ನಿಮ್ಮ ಮನೆಯಲ್ಲೂ ಇದ್ದರೆ, ಮೊದಲು ಅವರಿಗೇ ಹೇಳಿ.