ಕ್ಷಮಾಪಣೆಯ ಜಾಗ

ಗ್ರಂಥಾಲಯದ ಸಹಾಯಕ ಬಸಲಿಂಗ ಊರ ಪತ್ರಿಕೆಯ ಮೊದಲ ಪುಟದ ಒಂದು ಸುದ್ದಿಯನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದ. 'ಸೊಪ್ಪು ಮಾರುವವಳ ಅಟ್ಟಹಾಸ' ಎಂಬ ಶೀರ್ಷಿಕೆಯ ಕೆಳಗೆ ಕೆಂಪು ಶಾಯಿಯಲ್ಲಿ, 'ಬರೆದವರಿಗೆ ನಾಚಿಕೆಯಿಲ್ಲ' ಎಂದು ಬರೆದ.

ಪತ್ರಿಕೆಯ ಸಂಪಾದಕರು ಕೆಂಡವಾಗಿ ಬಂದರು. "ನಾಲ್ಕು ಜನರೆದುರು ಅವಮಾನ ಮಾಡ್ತೀಯೇನೋ? ನಾಳೆಯೊಳಗೆ ಕ್ಷಮಾಪಣೆ ಅಂಟಿಸು. ಇಲ್ಲಾಂದ್ರೆ ಮೇಲಿನವರಿಗೆ ಹೇಳಿ ನಿನ್ನ ಕೆಲಸ ತೆಗೆಸ್ತೀನಿ!"

"ನನ್ನ ಮಾತೂ ಒರಟಾಯ್ತು. ಅಂಟಿಸ್ತೀನಿ ಸಾರ್."

ಮರುದಿನ ಸಂಪಾದಕರು ಫಲಕವನ್ನೆಲ್ಲ ಹುಡುಕಿದರು. "ಎಲ್ಲೋ ಕ್ಷಮಾಪಣೆ?"

ಬಸಲಿಂಗ ಬಾಗಿಲ ಹಿಂದೆ, ಪೊರಕೆಯ ಪಕ್ಕ ಅಂಟಿಸಿದ್ದ ಸಣ್ಣ ಚೀಟಿಯನ್ನು ತೋರಿಸಿದ.

"ಇಲ್ಲಿ ಯಾರು ನೋಡ್ತಾರೋ?"

"ಆ ಸೊಪ್ಪು ಮಾರುವಾಕೆಯದು ತಪ್ಪಿಲ್ಲ ಅಂತ ನೀವು ತಿದ್ದುಪಡಿ ಹಾಕಿದ್ದು ಎಂಟನೇ ಪುಟದ ಮೂಲೆಯಲ್ಲಿ ಸಾರ್, ಟೆಂಡರ್ ಜಾಹೀರಾತಿನ ಕೆಳಗೆ. ನಾನೂ ಅದೇ ಅಳತೆ ಹಿಡಿದೆ."

ಸಂಪಾದಕರು ಜೇಬಿನಿಂದ ಪೆನ್ನು ತೆಗೆದರು.

"ಆಕೆಯ ಹೆಸರೇನಯ್ಯಾ? ನಾಳೆ ಮೊದಲ ಪುಟಕ್ಕೆ ಬೇಕು."