ಕೈಯಿಲ್ಲದವಳು ಎತ್ತಿದ ಕೈ

“ಕೇಳ್ರಪ್ಪೋ ಕೇಳಿ! ಪಕ್ಷದ ಕೇಂದ್ರ ಸಮಿತಿ ಒಡ್ಡುವ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರ ತಲೆ ಶುಕ್ರವಾರ ಹೋಗುತ್ತೆ!”

ಕೆಂಗೋಟೆಯಲ್ಲಿ ರಾಜ ಹೋಗಿ ಕೆಂಪು ಪಕ್ಷ ಬಂದಿತ್ತು ನೋಡಿ, ಡಂಗುರ ಮಾತ್ರ ಹಳೆಯದೇ. ತಮ್ಮನ್ನು ಆಳುವವರು ಯಾರೆಂದು ಜನಕ್ಕೆ ಗೊತ್ತೇ ಇಲ್ಲ ಎಂದು ಪ್ರಧಾನ ಕಾರ್ಯದರ್ಶಿ ದುಗ್ಗಣ್ಣನಿಗೆ ಸಿಟ್ಟು. ಅದಕ್ಕೇ ಈ ಒಗಟುಗಳು.

ಮೊದಲ ಒಗಟು ಇದು: “ಐದು ವರ್ಷಕ್ಕೊಮ್ಮೆ ಏಳುವ ತಾಯಿ ವಾರದೊಳಗೆ ಮಗನನ್ನು ಹೆತ್ತು, ಮನೆಯ ಬೀಗದಕೈ ಕೊಟ್ಟು ಮತ್ತೆ ಮಲಗುತ್ತಾಳೆ. ಯಾರವಳು?”

ಒಬ್ಬ ವ್ಯಾಪಾರಿ “ಬರಗಾಲ” ಎಂದ. ಸೆರೆಮನೆಗೆ ಹೋದ. ಕಂಬಳಿ ನೇಯುವ ಮಾರಣ್ಣ “ಹೊಳೆ” ಎಂದ. ಅವನೂ ಹೋದ.

ಮಾರಣ್ಣನ ಮನೆಯಲ್ಲೇ ಬೆಳೆದ ಅನಾಥ ತಿಪ್ಪೇಶಿ. ಮಾರಣ್ಣನ ತಾಯಿ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಉಣ್ಣಿಸಿದವಳು. ಆ ಋಣ ಹೊತ್ತು ಗುರುವಾರ ಅವನೇ ಸಭೆಗೆ ನಡೆದ.

“ಅಣ್ಣನ ಜೊತೆ ತಮ್ಮನ ತಲೆಯೂ ಬೇಕೇನೋ?” ದುಗ್ಗಣ್ಣ ನಕ್ಕ.

“ಅಣ್ಣನಿಲ್ಲದ ಮೇಲೆ ಈ ತಲೆ ಯಾಕೆ ಸ್ವಾಮಿ? ತಾಯಿ ಅಂದ್ರೆ ಪಕ್ಷದ ಮಹಾಧಿವೇಶನ. ಮಗ ನಿಮ್ಮ ಈ ಕೇಂದ್ರ ಸಮಿತಿ. ಆಕೆ ಆರಿಸಿ ಮಲಗಿದ ಮೇಲೆ, ಮತ್ತೆ ಏಳೋವರೆಗೂ ಇವರದೇ ಯಜಮಾನಿಕೆ.”

ಸಭೆ ನೆಟ್ಟಗೆ ಕೂತಿತು. ದುಗ್ಗಣ್ಣ ಎರಡನೆಯದನ್ನು ಒಡ್ಡಿದ:

“ದೊಡ್ಡವನು ಚಿಕ್ಕವನನ್ನು ಆರಿಸಿ ಎತ್ತರದಲ್ಲಿ ಕೂರಿಸುತ್ತಾನೆ. ಆಮೇಲೆ ಚಿಕ್ಕವನು ಕರೆದಾಗಲೇ ದೊಡ್ಡವನು ಬರಬೇಕು, ವರ್ಷಕ್ಕೆ ಒಂದೆರಡು ಸಲ. ಯಾರವರು?”

“ಅಳಿಯ ಮಾವ ಅಂತಿದ್ದೆ,” ಎಂದ ತಿಪ್ಪೇಶಿ. ಯಾರೋ ಕಿಸಕ್ಕೆಂದರು. “ಆದ್ರೆ ದೊಡ್ಡವನು ಈ ಸಮಿತಿ, ಚಿಕ್ಕವನು ಮುಂದಿನ ಸಾಲಿನ ಪಾಲಿಟ್‌ಬ್ಯೂರೋ. ಸಮಿತಿ ಮನೆಗೆ ಹೋದಾಗ ದಿನದ ಕೆಲಸ ನಡೆಸೋರು ಅವರೇ.”

ದುಗ್ಗಣ್ಣ ನಗು ನಿಲ್ಲಿಸಿ ಮೂರನೆಯದಕ್ಕೆ ಬಂದ. “ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ, ಮಾತೂ ಆಡುತ್ತಾನೆ. ಕೈ ಎತ್ತುವ ಹೊತ್ತಿಗೆ ಮಾತ್ರ ಕೈಯಿಲ್ಲ. ಮುಂದಿನವನು ಎದ್ದುಹೋದರೆ ಕೈ ಚಿಗುರುತ್ತದೆ.”

ತಿಪ್ಪೇಶಿ ತನ್ನ ಎದೆ ಮುಟ್ಟಿ ತೋರಿಸಿದ. “ನನ್ನಂಥವನೇ ಸ್ವಾಮಿ. ನಮ್ಮನೆ ಮಾತುಕತೇಲಿ ನನ್ನನ್ನೂ ಕೂರಿಸಿ ಕೇಳೋರು, ತೀರ್ಮಾನ ಮಾತ್ರ ಮನೆಮಕ್ಕಳದು. ಇಲ್ಲಿ ಅವನ ಹೆಸರು ಬದಲಿ ಸದಸ್ಯ. ಚರ್ಚೆಗುಂಟು, ಮತಕ್ಕಿಲ್ಲ. ಪೂರ್ಣ ಸದಸ್ಯರ ಜಾಗ ತೆರವಾದ್ರೆ ಸರದಿ ಪ್ರಕಾರ ಏರ್ತಾನೆ.”

“ಸರಿ,” ಎಂದ ದುಗ್ಗಣ್ಣ, ಒಲ್ಲದ ಮನಸ್ಸಿನಿಂದ. “ಏನು ಬೇಕು?”

“ಸೆರೆಯಲ್ಲಿರೋ ಇಬ್ಬರೂ ಬೇಕು.”

“ಶಿಕ್ಷೆಗೆ ರುಜು ಹಾಕಿದವನು ನಾನು. ಮಾತು ಕೊಟ್ಟದ್ದು ಸಮಿತಿ. ಬಿಡುವುದಾದರೆ ಸಮಿತಿಯೇ ಕೈ ಎತ್ತಲಿ.”

ಅಲ್ಲಿನ ರೂಢಿ ಕೇಳಿ, ಮಜವಾಗಿದೆ. ಹಿಂದಿನ ಸಾಲು ಮುಂದಿನ ಸಾಲನ್ನು ನೋಡುತ್ತೆ, ಮುಂದಿನ ಸಾಲು ಕಾರ್ಯದರ್ಶಿಯನ್ನು ನೋಡುತ್ತೆ. ದುಗ್ಗಣ್ಣನ ಕೈ ಮೇಜಿನ ಮೇಲಿಂದ ಏಳಲಿಲ್ಲ. ಒಂದು ಕೈಯೂ ಏಳಲಿಲ್ಲ. ತಿಪ್ಪೇಶಿ ಕಣ್ಣು ಮುಚ್ಚಿಕೊಂಡ.

ಆಗ ಕೊನೆಯ ಸಾಲಿನಿಂದ ಸುಕ್ಕುಗಟ್ಟಿದ ಕೈಯೊಂದು ಎದ್ದಿತು. ಬದಲಿ ಸದಸ್ಯೆ ಕೆಂಚಮ್ಮನದು.

“ಸಂಗಾತಿ, ನಿಮ್ಮ ಕೈ ಲೆಕ್ಕಕ್ಕಿಲ್ಲ!” ದುಗ್ಗಣ್ಣ ಗದರಿದ.

“ಲೆಕ್ಕ ಹಾಕ್ಬೇಡಿ ಬಿಡಿ. ಎಲ್ರಿಗೂ ಕಾಣ್ತಾ ಇದೆಯಲ್ಲ, ಅಷ್ಟು ಸಾಕು.”

ಕಂಡಿತು. ನಾಚಿಕೆಯಿಂದ ಪಕ್ಕದವನು ಎತ್ತಿದ, ಅವನ ಮುಂದಿನವಳು ಎತ್ತಿದಳು, ಸಾಲು ಸಾಲೇ ಎದ್ದಿತು. ಕೊನೆಗೆ ದುಗ್ಗಣ್ಣನೂ ಕೆಮ್ಮುತ್ತ ಎತ್ತಿದ. “ಸರ್ವಾನುಮತ” ಎಂದು ಬರೆದುಕೊಂಡರು. ಯಾರ ಕೈ ಮೊದಲಿನದೆಂದು ಬರೆಯಲಿಲ್ಲ.

ವ್ಯಾಪಾರಿ ಹೊರಬಂದವನೇ ಓಟ ಕಿತ್ತ. ಮಾರಣ್ಣ ತಮ್ಮನನ್ನು ತಬ್ಬಿ ಅತ್ತ. ತಿಪ್ಪೇಶಿ ಹೋಗಿ ಕೆಂಚಮ್ಮನ ಕಾಲು ಹಿಡಿದ.

“ಏಳಪ್ಪ,” ಎಂದಳು ಮುದುಕಿ, ಕಣ್ಣೊರೆಸಿಕೊಳ್ಳುತ್ತ. “ಇಷ್ಟು ವರ್ಷ ಇಲ್ಲಿ ಕೂತಿದ್ದು ಯಾಕೆ ಅಂತ ನಂಗೇ ಗೊತ್ತಿರ್ಲಿಲ್ಲ, ಇವತ್ತು ನಿನ್ನಿಂದ ತಿಳೀತು. ನಮಸ್ಕಾರ ನಾನು ಮಾಡ್ಬೇಕು ಕಣಪ್ಪ, ನಿಂಗೆ.”